ಜಾಕೆಟ್ ಕಂಪನಿಯದು, ಬೂಟು ಯಾರದು?

2024ರ ಡಿಸೆಂಬರ್ 27ರಂದು ಅಮೆರಿಕದ ಯೂಟಾ ರಾಜ್ಯದಲ್ಲಿ, ವೇಲ್ ರೆಸಾರ್ಟ್ಸ್ ಕಂಪನಿಯ ಪಾರ್ಕ್ ಸಿಟಿ ಸ್ಕೀ ಬೆಟ್ಟದಲ್ಲಿ ಸುಮಾರು 200 ಸ್ಕೀ ಗಸ್ತಿನವರು, ಅಂದರೆ ಹಿಮದ ಇಳಿಜಾರು ಕಾಯ್ದು ಗಾಯಾಳುಗಳನ್ನು ಕೆಳಗಿಳಿಸುವವರು, ಕೆಲಸ ನಿಲ್ಲಿಸಿ ಹೊರಗೆ ಬಂದರು. ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ಆ ವಾರ ಸ್ಕೀ ವ್ಯಾಪಾರಕ್ಕೆ ದಸರೆಯ ಮೈಸೂರು ಇದ್ದ ಹಾಗೆ, ವರ್ಷದ ದುಡಿಮೆಯೆಲ್ಲ ಆಗಲೇ. ಗಸ್ತಿಲ್ಲದೆ ಇಳಿಜಾರು ತೆರೆಯುವಂತಿಲ್ಲ. ಬೆಟ್ಟದ ಬಹುಭಾಗ ಮುಚ್ಚಿತು, ಜನರನ್ನು ಬೆಟ್ಟ ಹತ್ತಿಸುವ ಲಿಫ್ಟುಗಳಲ್ಲಿ ತೆರೆದಿದ್ದ ಕೆಲವೇ ಕೆಲವುಗಳ ಮುಂದೆ ಸಾಲು ಬೆಳೆಯಿತು. ಬೇಡಿಕೆ ಏನೆಂದು ಕೇಳಿದವರಿಗೆ ಸಿಕ್ಕ ಉತ್ತರ ಒಂದೇ ಸಾಲಿನದು: ಆರಂಭಿಕ ಕೂಲಿ ಗಂಟೆಗೆ 21 ಡಾಲರಿನಿಂದ 23 ಆಗಬೇಕು.

ಎರಡು ಡಾಲರಿಗೆ ಇಷ್ಟು ರಂಪವೇ ಅನ್ನಿಸುವುದು ಸಹಜ. ಇದೇ ಕಂಪನಿಯ ಎಪಿಕ್ ಪಾಸ್ (ಅದರ ಹಲವು ಬೆಟ್ಟಗಳಿಗೆ ನಡೆಯುವ ಒಂದೇ ಪಾಸು) ಕೊಂಡು ಚಳಿಗಾಲದ ವಾರಾಂತ್ಯಕ್ಕೆ ಟಾಹೋ ಸರೋವರದ ಹೆವೆನ್ಲಿ, ನಾರ್ತ್‌ಸ್ಟಾರ್‌ಗಳಿಗೆ ಕಾರು ಓಡಿಸುವ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರಲ್ಲೂ ಆಗ ಇದೇ ಮಾತು ನಡೆದಿರಬೇಕು. ಆ ಎರಡು ಡಾಲರಿನ ಅಡಿಯಲ್ಲಿ ಮಾತ್ರ ಹಳೆಯ ಗಂಟೊಂದಿದೆ. ಗಸ್ತಿನವರು ಮೈಮೇಲೆ ಹೊತ್ತು ತಿರುಗುವ ಸಾಮಾನಿನಲ್ಲಿ ಯಾವುದು ಯಾರ ದುಡ್ಡಿನದು, ಅದನ್ನು ತೊಟ್ಟುಕೊಳ್ಳುವ ಹೊತ್ತು ಯಾರ ಲೆಕ್ಕದ್ದು ಎನ್ನುವುದು ಆ ಗಂಟು. ಬಿಡಿಸಬೇಕಾದರೆ ಒಂದು ತಗಡಿನ ತುಂಡಿನಿಂದ ಶುರುಮಾಡಬೇಕು.

1936ರ ಜನವರಿಯಲ್ಲಿ ನ್ಯೂಯಾರ್ಕಿನ ವಿಮಾ ದಲ್ಲಾಳಿ ಚಾರ್ಲ್ಸ್ ಮೈನಟ್ ಡೋಲ್ (ಗೆಳೆಯರ ಬಾಯಲ್ಲಿ ಮಿನ್ನಿ) ವರ್ಮಾಂಟಿನ ಸ್ಟೋ ಎಂಬಲ್ಲಿ ಸ್ಕೀ ಮಾಡುತ್ತ ಬಿದ್ದು ಕಣಕಾಲು ಮುರಿದುಕೊಂಡ. ಎತ್ತಿಕೊಂಡು ಹೋಗಲು ಯಾವ ವ್ಯವಸ್ಥೆಯೂ ಇರಲಿಲ್ಲ. ಚಾವಣಿಯ ತಗಡೊಂದನ್ನು ತಂದು ಅದರ ಮೇಲೆ ಮಲಗಿಸಿ ಕೆಳಗೆ ಎಳೆದು ತಂದರು. ಆ ದಿನ ನೆರವಿಗಿದ್ದ ಗೆಳೆಯ ಫ್ರಾಂಕ್ ಎಡ್ಸನ್ ಎರಡು ತಿಂಗಳಲ್ಲೇ ಸ್ಕೀ ರೇಸಿನಲ್ಲಿ ಮರಕ್ಕೆ ಬಡಿದು ಸತ್ತ. 1938ರಲ್ಲಿ ಡೋಲ್ ನ್ಯಾಷನಲ್ ಸ್ಕೀ ಪೆಟ್ರೋಲ್ ಕಟ್ಟಿದ್ದು ಈ ಎರಡು ಘಟನೆಗಳ ಬೆನ್ನಿಗೆ. ಅದು ಪೂರ್ತಿ ಸ್ವಯಂಸೇವಕರ ಸಂಘ. ವಾರವಿಡೀ ಬೇರೆಲ್ಲೋ ದುಡಿದು ಭಾನುವಾರ ಬೆಟ್ಟದಲ್ಲಿ ಗಾಯಾಳುಗಳನ್ನು ಇಳಿಸುವವರು. ಸ್ಕೀ ತಮ್ಮದು, ಬೂಟು ತಮ್ಮದು, ಕೋಟೂ ತಮ್ಮದೇ. ಪ್ರತಿಫಲ ಅಂದರೆ ಪುಕ್ಕಟೆ ಲಿಫ್ಟು, ಒಂದಿಷ್ಟು ಮರ್ಯಾದೆ. ಕೊಟ್ಟವರಿಗೂ ಪಡೆದವರಿಗೂ ಆಗ ಅದು ಅನ್ಯಾಯ ಅನ್ನಿಸಲಿಲ್ಲ, ಅನ್ಯಾಯವೂ ಆಗಿರಲಿಲ್ಲ.

ಮುಂದಿನ ಅರವತ್ತು ಎಪ್ಪತ್ತು ವರ್ಷ ಬೇಗ ದಾಟಿಬಿಡಬಹುದು. ಯುದ್ಧ ಬಂತು, ಡೋಲ್‌ನ ಒತ್ತಾಯದಿಂದ ಪರ್ವತ ದಳ ಹುಟ್ಟಿತು, ಅದರಿಂದ ಮರಳಿದವರು ಸ್ಕೀ ಊರುಗಳನ್ನು ಕಟ್ಟಿದರು. ಅವರಲ್ಲೊಬ್ಬ ಪೀಟ್ ಸೀಬರ್ಟ್. ಆಸ್ಪೆನ್‌ನಲ್ಲಿ ಗಸ್ತು ತಿರುಗಿದವನು, 1962ರಲ್ಲಿ ಕೊಲರಾಡೊದ ವೇಲ್ ಸ್ಕೀ ಊರು ತೆರೆದವರಲ್ಲಿ ಮುಖ್ಯನಾದ. ಆ ಹೆಸರಿನ ಕಂಪನಿ 1997ರಲ್ಲಿ ಷೇರುಪೇಟೆಗೆ ಬಂತು, 2008ರಲ್ಲಿ ಎಪಿಕ್ ಪಾಸ್ ತಂದಿತು, 2014ರಲ್ಲಿ 18.25 ಕೋಟಿ ಡಾಲರಿಗೆ ಪಾರ್ಕ್ ಸಿಟಿಯನ್ನು ಕೊಂಡು ಮರುವರ್ಷ ಪಕ್ಕದ ಕ್ಯಾನಿಯನ್ಸ್ ಜತೆ ಕೂಡಿಸಿ 7,300 ಎಕರೆಯ ಒಂದೇ ಬೆಟ್ಟ ಮಾಡಿತು. ಒಬ್ಬ ಗಸ್ತಿನವನು ಹುಟ್ಟುಹಾಕಿದ ಹೆಸರೇ ಗಸ್ತಿನವರ ಅತಿ ದೊಡ್ಡ ಧಣಿಯೂ ಆದದ್ದು ಹೀಗೆ.

ಈ ನಡುವೆ ದೊಡ್ಡ ಬೆಟ್ಟಗಳಲ್ಲಿ ಸಂಬಳದ ಗಸ್ತು ಮುಖ್ಯವಾಯಿತು. ಸ್ವಂತ ಬೂಟು, ಸ್ವಂತ ಸ್ಕೀ ಎಂಬ ಭಾನುವಾರದ ಪದ್ಧತಿ ಮಾತ್ರ ವಾರದ ಐದು ದಿನದ ನೌಕರಿಗೂ ಹಾಗೇ ಸಾಗಿ ಬಂತು. ಯಾರೂ ಕೂತು ಹೀಗಿರಲಿ ಎಂದು ತೀರ್ಮಾನಿಸಿದ್ದಲ್ಲ, ಬದಲಿಸಬೇಕೆಂದು ಯಾರಿಗೂ ತೋಚಲಿಲ್ಲ ಅಷ್ಟೆ.

ಬದಲಾದದ್ದು ಕೋಟು. ಹಿಂದೆ ಗಸ್ತಿನವರದು ತುಕ್ಕಿನ ಬಣ್ಣದ ಪಾರ್ಕಾ, ಬೆನ್ನಿಗೆ ಹಳದಿ ಶಿಲುಬೆ. ಇಂದು ಬಹುತೇಕ ಕಡೆ ಕಾಣುವುದು ಕೆಂಪು ಜಾಕೆಟ್, ಬಿಳಿ ಶಿಲುಬೆ. ಬಿಳಿಯ ಮೇಲೆ ಕೆಂಪು ಶಿಲುಬೆ ಯಾಕಿಲ್ಲ ಅಂದರೆ, ಆ ಲಾಂಛನ ಅಮೆರಿಕದ ಕಾನೂನಿನಲ್ಲಿ ರೆಡ್ ಕ್ರಾಸ್‌ಗೆ ಮೀಸಲು, ಬೇರೆಯವರು ಸಾಮಾನ್ಯವಾಗಿ ಬಳಸುವಂತಿಲ್ಲ. ಸ್ಕೀ ಕಂಪನಿಗಳು ದೊಡ್ಡದಾದಂತೆ ಈ ಜಾಕೆಟ್ ಕೂಡ ಲಿಫ್ಟಿನವರ, ಟಿಕೆಟ್ಟಿನವರ, ಬೋಧಕರ ಜಾಕೆಟ್ಟಿನ ಜತೆಯಲ್ಲೇ ಒಂದೇ ಖರೀದಿಯ ಭಾಗವಾಯಿತು. ನಾರ್ವೆಯ ಹೆಲ್ಲಿ ಹ್ಯಾನ್ಸನ್‌ನಂಥ ಬ್ರ್ಯಾಂಡುಗಳು ಸಮವಸ್ತ್ರ ಪೂರೈಕೆಗೆ ಕೈಜೋಡಿಸಿದವು. ಬಟ್ಟೆಯ ಗುಣಮಟ್ಟ ನಿಜಕ್ಕೂ ಏರಿತು, ಅದನ್ನು ಅಲ್ಲಗಳೆಯುವಂತಿಲ್ಲ. ಹೊಲಿಗೆಗೆ ಟೇಪು, ಕಂಕುಳಲ್ಲಿ ಗಾಳಿಗೆ ಜಿಪ್ಪು, ನೀರು ಒಳಬಿಡದೆ ಬೆವರಿನ ಆವಿ ಹೊರಬಿಡುವ ಪದರ.

ಗಸ್ತಿನ ಕೆಲಸ ಮಾತ್ರ ಜಾಕೆಟ್ಟಿನಿಂದ ಕೇಳುವುದು ಬೇರೆ. ಒಂದು ಅಪಘಾತ ತೆಗೆದುಕೊಳ್ಳಿ. ಗಸ್ತಿನವರು ಖಾಲಿ ಟೊಬಾಗನ್ (ಗಾಯಾಳುವನ್ನು ಮಲಗಿಸಿ ಹಿಮದ ಮೇಲೆ ಜಾರಿಸಿ ತರುವ ಬಂಡಿ) ಹಿಡಿದು ಇಳಿಜಾರಿನಲ್ಲಿ ಬೆವರಿಳಿಯುವಂತೆ ಇಳಿಯುತ್ತಾರೆ. ಆಮೇಲೆ ಇಪ್ಪತ್ತು ನಿಮಿಷ ಹಿಮದಲ್ಲಿ ಮಂಡಿಯೂರಿ ಕೂತು ಮುರಿದ ಕಾಲು ಅಲುಗದಂತೆ ಸ್ಪ್ಲಿಂಟ್ ಕಟ್ಟಬೇಕು. ಒಳಗಿನ ಬೆವರು ತಣ್ಣಗಾಗುವುದು ಆಗ. ಮಂಡಿಗೆ ದಪ್ಪ ಪದರವಿಲ್ಲದ ಪ್ಯಾಂಟು ನೀರು ಹೀರುತ್ತದೆ. ಗ್ಲೌಸ್ ತೆಗೆಯದೆ ಎಳೆಯಲು ಬಾರದ ಸಣ್ಣ ಜಿಪ್ಪು ಆಗ ನಿಜಕ್ಕೂ ಉಪದ್ರವ. ಎದೆಯ ಮೇಲಿನ ರೇಡಿಯೊ ಸರಂಜಾಮು, ಬೆನ್ನಿನ ಚೀಲದ ಪಟ್ಟಿ ದಿನಾ ಉಜ್ಜಿ ಮೊದಲು ಸವೆಯುವುದು ಹೆಗಲು, ನೀರು ಒಳಬರುವುದೂ ಅಲ್ಲಿಂದಲೇ. ಪ್ಯಾಂಟಿನ ಒಳಅಂಚನ್ನು ಸ್ಕೀಯ ಉಕ್ಕಿನ ಅಂಚು ಸೀಳುತ್ತದೆ. ಲಿಫ್ಟಿನ ಗ್ರೀಸು, ಗಾಯಾಳುವಿನ ರಕ್ತ ಮೆತ್ತಿದ ಬಟ್ಟೆಯನ್ನು ಸಾಮಾನ್ಯ ಸೋಪಿನಲ್ಲಿ ಮತ್ತೆ ಮತ್ತೆ ಒಗೆದರೆ ಮೇಲ್ಮೈಯ ನೀರು ಜಾರಿಸುವ ಗುಣ ಹೋಗುತ್ತದೆ. ಒಗೆಯದಿದ್ದರೆ ಅದೂ ಕೆಡುಕೇ. ಹಿಮಕುಸಿತ ತಡೆಯಲು ಎಸೆಯುವ ಸಿಡಿಮದ್ದಿನ ಬತ್ತಿ ಹೊತ್ತಿಸುವಾಗ ಹಾರುವ ಕಿಡಿಯೊಂದು ಸಾಕು, ನೈಲಾನಿನಲ್ಲಿ ತೂತು ಬೀಳಲು. ಲಾಡ್ಜಿನ ಬಾಗಿಲಲ್ಲಿ ನಿಂತು ಸ್ವಾಗತ ಹೇಳುವವರಿಗೂ ಇವರಿಗೂ ಒಂದೇ ಮಾದರಿ ಹೊಂದುವುದು ಕಷ್ಟ.

ಇನ್ನೊಂದು ಸಂಗತಿ ಬೀಕನ್ನಿನದು. ಹಿಮದಡಿ ಸಿಕ್ಕಿದವರನ್ನು ಹುಡುಕಲು ಎಲ್ಲರೂ ಎದೆಗೆ ಕಟ್ಟುವ ಈ ಯಂತ್ರ 457 ಕಿಲೊಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಸೂತ್ರ ಇಷ್ಟೇ: ಸಂಕೇತ ಕಳಿಸುತ್ತಿರುವಾಗ ಫೋನು, ರೇಡಿಯೊಗಳಂಥವು ಅದರಿಂದ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ. ಈಚಿನ ಜಾಕೆಟ್ಟುಗಳಲ್ಲಿ ಬಟನ್ನಿನ ಬದಲು ಅಯಸ್ಕಾಂತ ಬಂದಿದೆ, ಬಿಸಿಮಾಡುವ ಬ್ಯಾಟರಿ ಬಂದಿದೆ. ಪ್ರವಾಸಿಗೆ ಅನುಕೂಲ. ಬೀಕನ್ನಿಗೆ ಅವು ಶತ್ರು, ಕೆಲವು ಮಾದರಿಗಳಲ್ಲಿ ದಿಕ್ಕೇ ತಪ್ಪಿಸುತ್ತವೆ. ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಕಡಿದಾಗಿ ಇಳಿಯುತ್ತದೆ ಎಂಬುದು ನೆನಪಿದ್ದವರು ಜೇಬಿನ ಮುಚ್ಚಳವನ್ನೂ ಎರಡು ಸಲ ನೋಡಿಯೇ ಒಪ್ಪುತ್ತಾರೆ.

ಕಂಪನಿಯ ಕೋಟಿನಷ್ಟೇ ಮುಖ್ಯವಾದ ಬಹಳಷ್ಟು ಸಾಮಾನು ಬೆಟ್ಟದ್ದೇ ಆಗಿರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಟೊಬಾಗನ್, ಅದರ ಮುಂದಿನ ಎರಡು ಹಿಡಿ, ಹಿಂದಿನವರು ಹಿಡಿಯುವ ಹಗ್ಗ, ಕಡಿದಾದಲ್ಲಿ ಕೆಳಗೆ ಬಿಟ್ಟರೆ ಹಿಮ ಕಚ್ಚುವ ಸರಪಳಿ. ಸ್ಪ್ಲಿಂಟು, ಆಮ್ಲಜನಕ, ಬಿದಿರ ಗಳ, ಹಗ್ಗದ ಸುರುಳಿ. ಸುಮಾರು 900 ಗ್ರಾಂ ತೂಗುವ ಕೈಸಿಡಿಮದ್ದು, ಕಡಿಮೆಯೆಂದರೆ 90 ಸೆಕೆಂಡು ಉರಿಯುವ ಅದರ ಬತ್ತಿ. ಇವೆಲ್ಲ ಕಂಪನಿಯ ಲೆಕ್ಕ. ತಕರಾರು ಶುರುವಾಗುವುದು ಮಂಡಿಯಿಂದ ಕೆಳಗೆ.

ಸ್ಕೀ ಬೂಟು ಚಪ್ಪಲಿಯ ಹಾಗೆ ಅಳತೆ ಹೇಳಿ ಕೊಳ್ಳುವ ವಸ್ತುವಲ್ಲ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಮೆತ್ತನೆಯ ಲೈನರು. ಕಣಕಾಲಿನ ಗಂಟು ಒತ್ತಿದರೆ ಅಂಗಡಿಯವರು ಚಿಪ್ಪು ಬಿಸಿಮಾಡಿ ಅಷ್ಟು ಜಾಗ ಹೊರದೂಡಿಸುತ್ತಾರೆ, ಲೈನರನ್ನು ಕಾಯಿಸಿ ಪಾದಕ್ಕೆ ಕೂರಿಸುತ್ತಾರೆ. ಒಬ್ಬರ ಕಾಲಿಗೆ ಕೂತದ್ದು ಇನ್ನೊಬ್ಬರಿಗೆ ಆಗದು. ಹಾಗಾಗಿ ಕಂಪನಿ ಕಪಾಟಿನಿಂದ ತೆಗೆದುಕೊಡುವ ವಸ್ತು ಇದಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಪ್ರವಾಸಿಯೊಬ್ಬನ ಬೂಟು ವರ್ಷಕ್ಕೆ ಹತ್ತು ದಿನ ಹಿಮ ಕಂಡರೆ ಗಸ್ತಿನವರದು ನೂರು ದಿನ ದಾಟುತ್ತದೆ. ಲೈನರು ಒಂದೆರಡು ಋತುವಿಗೆ ಜಜ್ಜಿಹೋಗಿ ಹಿಮ್ಮಡಿ ಒಳಗೇ ಅಲುಗಾಡುತ್ತದೆ. ಅದಕ್ಕಿಂತ ಅಪಾಯದ್ದು ಅಟ್ಟೆ. ಗಸ್ತಿನವರು ಕಬ್ಬಿಣದ ಮೆಟ್ಟಿಲು, ಕಾಂಕ್ರೀಟು, ಬಂಡೆಗಳ ಮೇಲೆ ಅದೇ ಬೂಟಿನಲ್ಲಿ ನಡೆಯುತ್ತಾರೆ. ಬೂಟಿನ ಮುಂತುದಿ ಹಿಂತುದಿಗಳ ದಪ್ಪಕ್ಕೆ ನಿಗದಿತ ಅಳತೆಯಿದೆ, ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್ ಅದನ್ನು ನಂಬಿಯೇ ಹಿಡಿದಿರುತ್ತದೆ. ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬಿಟ್ಟುಕೊಡಬೇಕು ಎಂದು ತಿರುಪಿನಲ್ಲಿ ಹೊಂದಿಸಿಟ್ಟಿದ್ದರೂ ಅಟ್ಟೆ ಸವೆದು ಅಳತೆ ಕೆಟ್ಟರೆ ಲೆಕ್ಕ ತಪ್ಪುತ್ತದೆ: ಬಿಡಬಾರದಾಗ ಬಿಡುತ್ತದೆ, ಬಿಡಬೇಕಾದಾಗ ಬಿಡದೆ ಮಂಡಿಯ ಅಸ್ಥಿರಜ್ಜು ಹರಿಯುತ್ತದೆ. ಬೂಟು, ಸ್ಕೀ, ಬೈಂಡಿಂಗ್ ಎಲ್ಲ ಸೇರಿ ಸಾವಿರ ಡಾಲರು ಸಲೀಸಾಗಿ ದಾಟುತ್ತದೆ, ಕಸುಬಿನವರಿಗೆ ಸಿಗುವ ರಿಯಾಯಿತಿ ಕಳೆದ ಮೇಲೂ. ಋತುವಿನ ಮೊದಲ ವಾರಗಳಲ್ಲಿ ತೆಳು ಹಿಮದಡಿಯ ಕಲ್ಲಿಗೆ ಸ್ಕೀ ಕೊಡುವವರೂ ಗಸ್ತಿನವರೇ. ಎಲ್ಲಿ ಕಲ್ಲಿದೆ ಎಂದು ಬಿದಿರು ನೆಡುವ ಕೆಲಸ ಅವರದಲ್ಲವೇ.

ದುಡ್ಡಿನ ಹಿಂದೆಯೇ ಹೊತ್ತಿನ ಪ್ರಶ್ನೆ. ಬೆಳಗಿನ ಜಾವ ಕ್ರಮ ಹೀಗೆ: ಉಣ್ಣೆಯ ಒಳಂಗಿಯ ಮೇಲೆ ಬೀಕನ್ ಬಿಗಿಯುವುದು, ಬ್ಯಾಟರಿ ಶೇಕಡಾ ಎಷ್ಟಿದೆ ನೋಡುವುದು, ಜಾಕೆಟ್, ರೇಡಿಯೊ, ಪ್ರಥಮ ಚಿಕಿತ್ಸೆಯ ಸಾಮಾನಿನ ವೆಸ್ಟು, ಸಲಿಕೆ ಮತ್ತು ಶೋಧಕೋಲು ಇರುವ ಚೀಲ. ತಣ್ಣಗಿದ್ದರೆ ಚಿಪ್ಪು ಬಾಗದು, ಆಗ ಬೂಟಿನೊಳಗೆ ಕಾಲು ತೂರಿಸುವುದೇ ಒಂದು ಕುಸ್ತಿ. ಎಲ್ಲ ಮುಗಿಸಿ ಒಬ್ಬರ ಎದುರು ಒಬ್ಬರು ನಡೆದು ಬೀಕನ್ ಕಳಿಸುತ್ತದೆಯೇ, ಹಿಡಿಯುತ್ತದೆಯೇ ಎಂದು ಪರೀಕ್ಷೆ. ಹಾಜರಿ ಒತ್ತುವುದು ಇದಕ್ಕೆ ಮೊದಲೋ ಆಮೇಲೋ ಎನ್ನುವುದೇ ಪ್ರಶ್ನೆ. ದಿನಕ್ಕೆ ಕಾಲು ಗಂಟೆ ಅಂದುಕೊಂಡರೂ ನೂರು ದಿನಕ್ಕೆ 25 ಗಂಟೆ.

ಈ ಪ್ರಶ್ನೆಗೆ ಅಮೆರಿಕದ ಕಾನೂನು ಕೊಟ್ಟ ಉತ್ತರ ಒಂದಲ್ಲ. ಕೆಲಸಕ್ಕೆ ಅತ್ಯಗತ್ಯವಾದ ಉಡುಪು ತೊಡುವ ಹೊತ್ತೂ ಕೆಲಸವೇ ಎಂದು 1956ರಲ್ಲಿ ಬ್ಯಾಟರಿ ಕಾರ್ಖಾನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ತೊಟ್ಟ ಮೇಲೆ ಕೆಲಸದ ಜಾಗಕ್ಕೆ ನಡೆಯುವ ಹೊತ್ತೂ ಸೇರುತ್ತದೆ ಎಂದು 2005ರಲ್ಲಿ ಮಾಂಸದ ಕಾರ್ಖಾನೆಯ ಪ್ರಕರಣದಲ್ಲಿ ಹೇಳಿತು. ಆದರೆ ಕಾರ್ಮಿಕ ಸಂಘವಿದ್ದ ಕಡೆ, ಒಪ್ಪಂದ ಅಥವಾ ರೂಢಿಯ ಪ್ರಕಾರ ಬಟ್ಟೆ ಬದಲಿಸುವ ಹೊತ್ತನ್ನು ಲೆಕ್ಕದಿಂದ ಬಿಡಬಹುದು. 2014ರಲ್ಲಿ ಉಕ್ಕಿನ ಕಾರ್ಖಾನೆಯ ಪ್ರಕರಣದಲ್ಲಿ ಅದೇ ಕೋರ್ಟು ಬೆಂಕಿ ತಡೆಯುವ ಕೋಟು, ಬೂಟುಗಳು ಬಟ್ಟೆ, ಸುರಕ್ಷಾ ಕನ್ನಡಕ ಮತ್ತು ಕಿವಿಯ ಬಿರಡೆ ಬಟ್ಟೆಯಲ್ಲ ಎಂದು ವಿಂಗಡಿಸಿತು. ಅದನ್ನು ಬೆಟ್ಟಕ್ಕೆ ಅನ್ವಯಿಸಿದರೆ ಜಾಕೆಟ್ ಬಟ್ಟೆ, ಬೀಕನ್ ಬಟ್ಟೆಯಲ್ಲ. ನಾಲ್ಕು ಬಕಲಿನ ಸ್ಕೀ ಬೂಟು? ಸಂಘ ಕಟ್ಟಿದವರಿಗೆ ಒಪ್ಪಂದದಲ್ಲಿ ಈ ನಿಮಿಷಗಳನ್ನು ಬರೆಸಿಕೊಳ್ಳುವ ಜವಾಬ್ದಾರಿಯೂ ಬಂತು ಅನ್ನುವುದು ಇದರ ವಿಚಿತ್ರ. ರಾಜ್ಯಗಳ ಕಾನೂನು ಮತ್ತೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಾಗಿ ನೌಕರರು ಅನಿವಾರ್ಯವಾಗಿ ಮಾಡಿದ ಖರ್ಚನ್ನು ಮಾಲೀಕರು ತುಂಬಿಕೊಡಬೇಕು, ಯೂಟಾದಲ್ಲಿ ಅಷ್ಟು ಬಿಗಿಯಿಲ್ಲ. ಒಂದೇ ಪಾಸು, ಒಂದೇ ಜಾಕೆಟ್, ಟಾಹೋದಲ್ಲಿ ಒಂದು ನಿಯಮ, ಪಾರ್ಕ್ ಸಿಟಿಯಲ್ಲಿ ಇನ್ನೊಂದು.

2020ರಿಂದ ಈ ಎರಡೂ ಪ್ರಶ್ನೆಗಳು, ತೊಡುವ ಹೊತ್ತು ಮತ್ತು ಸಲಕರಣೆಯ ಖರ್ಚು, ವೇಲ್ ರೆಸಾರ್ಟ್ಸ್ ಮೇಲಿನ ದಾವೆಗಳಾಗಿ ಕೋರ್ಟು ಹತ್ತಿದವು. ಗಸ್ತಿನವರಷ್ಟೇ ಅಲ್ಲ, ಬೋಧಕರು, ಲಿಫ್ಟಿನವರು ಎಲ್ಲರ ಪರವಾಗಿ. ಕ್ಯಾಲಿಫೋರ್ನಿಯಾದ್ದು 1 ಕೋಟಿ 31 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ಕೊಲರಾಡೊದ್ದು ಮೇಲ್ಮನವಿಯವರೆಗೂ ಹೋಯಿತು. 2022ರಲ್ಲಿ ಕಂಪನಿ ತನ್ನ ಉತ್ತರ ಅಮೆರಿಕದ ಬೆಟ್ಟಗಳಲ್ಲಿ ಕನಿಷ್ಠ ಕೂಲಿಯನ್ನು 20 ಡಾಲರಿಗೆ, ಗಸ್ತಿನವರದನ್ನು 21ಕ್ಕೆ ಏರಿಸಿತು. ಅದು ಸಣ್ಣ ಏರಿಕೆಯಲ್ಲ. ಆದರೆ ಸ್ಕೀ ಊರುಗಳ ಮನೆ ಬಾಡಿಗೆಯ ಮುಂದೆ ಅದು ಕರಗಿತು. ಕೊಲರಾಡೊದಲ್ಲಿ ಇದೇ ಕಂಪನಿಯ ಬ್ರೆಕನ್‌ರಿಡ್ಜ್, ಕೀಸ್ಟೋನ್‌ ಬೆಟ್ಟಗಳಲ್ಲೂ ಗಸ್ತಿನವರು ಸಂಘ ಕಟ್ಟಿದರು.

ಪಾರ್ಕ್ ಸಿಟಿಯ ಮುಷ್ಕರ 2025ರ ಜನವರಿ 8ರಂದು, ಹದಿಮೂರನೆಯ ದಿನ ಮುಗಿಯಿತು. ಆರಂಭಿಕ ಕೂಲಿ 23 ಡಾಲರ್ ಆಯಿತು. ಸಂಘ ಹೇಳಿದ ಪ್ರಕಾರ ಸರಾಸರಿ ಏರಿಕೆ 4 ಡಾಲರ್, ಹೆಚ್ಚು ಅನುಭವಿಗಳಿಗೆ ಅದಕ್ಕೂ ಮೇಲೆ. ಬೆಟ್ಟ ಬಲ್ಲವರಿಗೆ ಮುಖ್ಯವಾದದ್ದು ಈ ಕೊನೆಯ ಭಾಗ. ಹೊರಗಿನಿಂದ ತಂದ ಗಸ್ತಿನವರಿಗೆ ಟೊಬಾಗನ್ ಓಡಿಸಲು ಬರುತ್ತದೆ, ಯಾವ ಕಣಿವೆಯಲ್ಲಿ ಯಾವ ಗಾಳಿಗೆ ಹಿಮ ಗುಡ್ಡೆಯಾಗುತ್ತದೆ ಎಂದು ತಿಳಿದಿರುವುದಿಲ್ಲ. ಅದು ಹತ್ತು ಋತು ಅಲ್ಲೇ ತಿರುಗಿದವರಿಗೆ ಮಾತ್ರ ಗೊತ್ತು, ಹತ್ತು ಋತು ಉಳಿಯಬೇಕಾದರೆ ಮೂರನೆಯ ಋತುವಿನಲ್ಲಿ ಹೊಸ ಬೂಟು ಕೊಳ್ಳುವ ಶಕ್ತಿ ಇರಬೇಕು.

ಏಪ್ರಿಲ್‌ನಲ್ಲಿ ಲಿಫ್ಟು ನಿಂತ ಮೇಲೆ ಸಮವಸ್ತ್ರ ಎಣಿಸಿ ಒಪ್ಪಿಸುವ ದಿನ ಬರುತ್ತದೆ. ಜಾಕೆಟ್, ಪ್ಯಾಂಟು, ವೆಸ್ಟು, ರೇಡಿಯೊ ಒಂದೊಂದಕ್ಕೂ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಬೀಕನ್ನಿನ ಬ್ಯಾಟರಿ ಸೋರಿ ಒಳಗಿನ ತಗಡು ತುಕ್ಕು ಹಿಡಿಯದಂತೆ ತೆಗೆದಿಡುತ್ತಾರೆ. ಬೂಟು ಪಟ್ಟಿಯಲ್ಲಿ ಇರುವುದಿಲ್ಲ.