ಲ್ಯಾಪ್‌ಟಾಪಿನ ಲೈಬ್ರರಿ ಬೋರ್ಡಿಗೆ ನುಸುಳಿದಾಗ

ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿದ ಪ್ರೋಗ್ರಾಂ ಅನ್ನು, ಲಿನಕ್ಸ್ ಓಡುವ ಒಂದು ಚಿಕ್ಕ ಕಂಪ್ಯೂಟರ್ ಬೋರ್ಡಿಗೆ ಕಾಪಿ ಮಾಡಿ ಓಡಿಸಿದೆ. 'ಜಿಲಿಬ್‌ಸಿ 2.34 ನಾಟ್ ಫೌಂಡ್' ಅಂತ ಬಂದು ನಿಂತಿತು. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ನಂಬಿರುವ ಮೂಲ ಸಿ ಲೈಬ್ರರಿ. ಬಿಲ್ಡ್ ಮಾಡುವಾಗ ಒಂದು ವಾರ್ನಿಂಗ್ ಕೂಡ ಇರಲಿಲ್ಲ. ಬೋರ್ಡಿನದ್ದೂ ಲ್ಯಾಪ್‌ಟಾಪಿನದ್ದೂ ಎಕ್ಸ್‌86-64 ಪ್ರೊಸೆಸರ್ರೇ ಅಲ್ವಾ, ಬೋರ್ಡಿಗೇ ಅಂತ ಬೇರೆ ಟೂಲ್‌ಚೈನ್ (ಕಂಪೈಲರ್, ಲಿಂಕರ್, ಲೈಬ್ರರಿಗಳ ಸೆಟ್) ಯಾಕೆ ಅಂತ ಲ್ಯಾಪ್‌ಟಾಪಿನ ಮಾಮೂಲಿ ಜಿಸಿಸಿ ಕಂಪೈಲರನ್ನೇ ಬಳಸಿದ್ದೆ. ಎಡವಿದ್ದು ಅಲ್ಲೇ.

2021ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.34ರಲ್ಲಿ, ಮೇನ್ ಫಂಕ್ಷನ್ನಿಗೆ ಮುಂಚೆ ಓಡುವ ಶುರುವಿನ ಕೋಡಿಗೇ ಹೊಸ ವರ್ಷನ್ ಗುರುತು ಬಿತ್ತು. ಅದಿರುವ ಲ್ಯಾಪ್‌ಟಾಪಿನಲ್ಲಿ ಲಿಂಕ್ ಮಾಡಿದರೆ, ಸುಮ್ನೆ 'ಹಲೋ' ಅನ್ನುವ ಪ್ರೋಗ್ರಾಂ ಕೂಡ ಹಳೇ ಜಿಲಿಬ್‌ಸಿ ಇರುವ ಬೋರ್ಡಿನಲ್ಲಿ ಏಳುವುದಿಲ್ಲ.

ಬೋರ್ಡಿನದ್ದು ಬೇರೆ ಜಾತಿಯ ಆರ್ಮ್ ಪ್ರೊಸೆಸರ್ ಆಗಿದ್ದರೆ, ಕೋಡಿಗೆ ಲೈಬ್ರರಿ ಜೋಡಿಸುವ ಲಿಂಕರ್ 'ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್' ಅಂತ ಕೂಗಿ ಹೇಳುತ್ತದೆ. ಲೈಬ್ರರಿಯ ಫಂಕ್ಷನ್ನು, ಅಳತೆಗಳ ಪಟ್ಟಿ ಇರುವ ಹೆಡರ್ ಫೈಲಿನ ವಿಷಯದಲ್ಲಿ ಹಾಗೆ ಹೇಳುವವರಿಲ್ಲ. ಅದು ಬರೀ ಅಕ್ಷರ. ದೊಡ್ಡ ಸಂಖ್ಯೆಗಳ ಲೆಕ್ಕ ಮಾಡುವ ಜಿಎಂಪಿ ಲೈಬ್ರರಿಯನ್ನೇ ನೋಡಿ. ಅದರ ಲಿಂಬ್ (ದೊಡ್ಡ ಸಂಖ್ಯೆಯನ್ನು ಕತ್ತರಿಸಿ ಇಡುವ ಒಂದು ತುಂಡು) ಎಷ್ಟು ಬಿಟ್ ಅನ್ನುವುದು ಬಿಲ್ಡ್ ಆಗುವಾಗಲೇ ಹೆಡರಿನೊಳಗೆ ಅಚ್ಚಾಗಿರುತ್ತದೆ. ಲ್ಯಾಪ್‌ಟಾಪಿನದ್ದರಲ್ಲಿ 64. ಅದೇ ಹೆಡರ್ 32-ಬಿಟ್ ಆರ್ಮ್ ಬಿಲ್ಡಿಗೆ ಸೇರಿತು ಅಂದುಕೊಳ್ಳಿ. ಕೋಡು ಒಂದು ಅಳತೆ ನಂಬಿರುತ್ತದೆ, ಲೈಬ್ರರಿ ಇನ್ನೊಂದು. ಲೆಕ್ಕ ತಪ್ಪಿದಾಗ ಬಗ್ ಎಲ್ಲಿದೆ ಅಂತ ದಿನಗಟ್ಟಲೆ ಹುಡುಕಬೇಕು.

ಲ್ಯಾಪ್‌ಟಾಪಿನ ಫೈಲುಗಳು ಜಾಸ್ತಿ ನುಸುಳುವುದು, ಲೈಬ್ರರಿ ಎಲ್ಲಿದೆ ಅಂತ ಬಿಲ್ಡಿಗೆ ಹೇಳುವ ಪಿಕೆಜಿ-ಕಾನ್ಫಿಗ್ ಟೂಲಿನ ಮೂಲಕ. ಅದರ 'ಪಿಕೆಜಿ ಕಾನ್ಫಿಗ್ ಪಾತ್' ಅನ್ನುವ ವೇರಿಯಬಲ್ ಸೆಟ್ ಮಾಡಿದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಸಾಲದು. ಅದು ಹುಡುಕುವ ಜಾಗಗಳಿಗೆ ಇನ್ನೊಂದನ್ನು ಸೇರಿಸುತ್ತದೆ ಅಷ್ಟೇ, ಲ್ಯಾಪ್‌ಟಾಪಿನ ಜಾಗ ಹಾಗೇ ಉಳಿದಿರುತ್ತದೆ. 'ಪಿಕೆಜಿ ಕಾನ್ಫಿಗ್ ಲಿಬ್‌ಡಿರ್' ಕೊಟ್ಟರೆ ಹಳೇ ಜಾಗ ಪೂರ್ತಿ ಹೋಗುತ್ತದೆ. ಜೊತೆಗೆ ಸಿಸ್‌ರೂಟ್ (ಬೋರ್ಡಿನ ಫೈಲುಗಳ ನಕಲು ಇರುವ ಫೋಲ್ಡರ್) ಎಲ್ಲಿದೆ ಅಂತ ಹೇಳುವ ಸಿಸ್‌ರೂಟ್ ಡಿರ್ ಕೂಡ ಕೊಡಿ. ಸಿಮೇಕ್ ಅನ್ನುವ ಬಿಲ್ಡ್ ಟೂಲಿನಲ್ಲಾದರೆ ಲೈಬ್ರರಿ ಮತ್ತು ಇನ್‌ಕ್ಲೂಡ್ (ಹೆಡರ್) ಹುಡುಕಾಟ 'ಓನ್ಲಿ' (ಸಿಸ್‌ರೂಟಿನಲ್ಲಿ ಮಾತ್ರ), ಪ್ರೋಗ್ರಾಂ ಹುಡುಕಾಟ 'ನೆವರ್' (ಅಲ್ಲಿ ಬೇಡವೇ ಬೇಡ) ಇರಲಿ. ಡೇಟಾ ಪ್ಯಾಕ್ ಮಾಡುವ ಪ್ರೋಟೊಬಫ್ ಲೈಬ್ರರಿಗೆ ಕೋಡ್ ಬರೆದುಕೊಡುವ ಪ್ರೋಟೊಸಿಯಂಥ ಟೂಲ್ ಮಾತ್ರ ಲ್ಯಾಪ್‌ಟಾಪಿನಲ್ಲೇ ಓಡಬೇಕು. ಆದರೆ ಅದರ ವರ್ಷನ್ ಬೋರ್ಡಿನ ಪ್ರೋಟೊಬಫ್ ಲೈಬ್ರರಿಗೆ ಹೊಂದಬೇಕು.

ನಾನು ಈಗ ಪ್ರತಿ ಲೈಬ್ರರಿಯನ್ನೂ ಲ್ಯಾಪ್‌ಟಾಪಿನ ಫೈಲುಗಳಿಂದ ಬೇರ್ಪಟ್ಟ ಖಾಲಿ ಕಂಟೇನರಿನಲ್ಲಿ ಒಮ್ಮೆ ಬಿಲ್ಡ್ ಮಾಡುತ್ತೇನೆ. ಅಲ್ಲಿ ಹೆಡರ್ ಫೈಲುಗಳನ್ನು ತರುವ ಒಂದೂ 'ಡೆವ್' ಪ್ಯಾಕೇಜ್ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಪಾಸ್ ಆಗಿ ಅಲ್ಲಿ ಫೇಲ್ ಆದರೆ, ಯಾವ ಹೆಡರ್ ಇಲ್ಲ ಅಂತ ಅದು ಹೇಳುತ್ತದೋ ಅದನ್ನೇ ಇಷ್ಟು ದಿನ ಲ್ಯಾಪ್‌ಟಾಪಿನಿಂದ ಎತ್ತಿಕೊಳ್ಳುತ್ತಿತ್ತು ಅಂತ ಅರ್ಥ.