ಬಾಡಿಗೆ ಸರ್ವರ್‌ನಲ್ಲಿ ಓಪನ್‌ಬಿಎಸ್‌ಡಿ: ಮೊದಲು ಕನ್ಸೋಲ್ ನೋಡಿ

ಕ್ಲೌಡ್ ಕಂಪನಿಗಳ ಪಟ್ಟಿಯಲ್ಲಿ ಉಬುಂಟು, ಡೆಬಿಯನ್, ವಿಂಡೋಸ್‌ಗಳಿಗೆ ಕೊರತೆಯಿಲ್ಲ. ಓಪನ್‌ಬಿಎಸ್‌ಡಿ ಮಾತ್ರ ಅಪರೂಪ. 1995ರಲ್ಲಿ ಥಿಯೋ ಡಿ ರಾಡ್ಟ್ ಆರಂಭಿಸಿದ, ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆ ಇರುವ ಈ ಕಾರ್ಯಾಚರಣಾ ವ್ಯವಸ್ಥೆಯನ್ನು (ಆಪರೇಟಿಂಗ್ ಸಿಸ್ಟಂ) ಮೇಲ್ ಸರ್ವರ್ ಮತ್ತು ಫೈರ್‌ವಾಲ್‌ಗಳಿಗಾಗಿ ನಾನು ವರ್ಷಗಳಿಂದ ಬಳಸುತ್ತಿದ್ದೇನೆ. ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಅದು ನಡೆಯುವುದಿಲ್ಲ ಎಂದಲ್ಲ. ಹೋಸ್ಟ್ ಕೆವಿಎಂ (ಪೂರ್ಣ ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರ) ಆಗಿದ್ದರೆ ಅದರ ವರ್ಟ್‌ಐಒ ಎಂಬ ವರ್ಚುವಲ್ ಡಿಸ್ಕಿಗೂ ನೆಟ್‌ವರ್ಕ್ ಕಾರ್ಡಿಗೂ ಬೇಕಾದ ಡ್ರೈವರ್‌ಗಳು ಓಪನ್‌ಬಿಎಸ್‌ಡಿಯ ತಿರುಳಾದ ಕರ್ನಲ್‌ನಲ್ಲಿಯೇ ಇವೆ. ಓಪನ್‌ವಿಜೆಡ್‌ನಂಥ ಕಂಟೇನರ್ ಆಗಿದ್ದರೆ ಆಸೆ ಬಿಡಬೇಕು; ಅಲ್ಲಿ ಕರ್ನಲ್ ಹೋಸ್ಟಿನದು, ನಮ್ಮದಲ್ಲ.

ಅಳವಡಿಕೆಗೆ ಐಎಸ್‌ಒ ಕಡತವನ್ನು (ಅಳವಡಿಕೆ ಡಿಸ್ಕಿನ ಪ್ರತಿ) ಏರಿಸುವ ಸೌಲಭ್ಯ ಇರಲೇಬೇಕೆಂದಿಲ್ಲ. ಸರ್ವರನ್ನು, ದುರಸ್ತಿಗೆಂದು ಕಂಪನಿ ಕೊಡುವ ತಾತ್ಕಾಲಿಕ ವ್ಯವಸ್ಥೆಯಾದ ರೆಸ್ಕ್ಯೂ ಮೋಡ್‌ನಲ್ಲಿ ಎಬ್ಬಿಸಿ, ಕೆಲವೇ ಎಂಬಿ ಗಾತ್ರದ ಮಿನಿರೂಟ್ ಎಂಬ ಅಳವಡಿಕೆಯ ಇಮೇಜನ್ನು ಇಳಿಸಿಕೊಂಡು, ಅದರ ಚೆಕ್‌ಸಮ್ ಹೋಲಿಸಿ ಕೆಡದೆ ಬಂದಿದೆಯೇ ಎಂದು ನೋಡಿ, ಡಿಡಿ ಆಜ್ಞೆಯಿಂದ ನೇರವಾಗಿ ಡಿಸ್ಕಿನ ಮೇಲೆ ಬರೆದು ರೀಬೂಟ್ ಮಾಡಿದರೆ ಸಾಕು. ಇನ್‌ಸ್ಟಾಲರ್ ಪೂರ್ತಿಯಾಗಿ ಮೆಮೊರಿಯಲ್ಲೇ ನಡೆಯುವುದರಿಂದ, ತಾನು ಎದ್ದುಬಂದ ಡಿಸ್ಕನ್ನೇ ಅಳಿಸಿ ಅದರ ಮೇಲೆ ವ್ಯವಸ್ಥೆಯನ್ನು ಅಳವಡಿಸಲು ಅದಕ್ಕೆ ಅಡ್ಡಿಯಿಲ್ಲ.

ಆದರೆ ರೀಬೂಟ್ ಮಾಡುವ ಮುನ್ನ ಕನ್ಸೋಲ್ (ಸರ್ವರಿನ ಪರದೆಯನ್ನು ದೂರದಿಂದ ತೋರಿಸುವ ಕಿಟಕಿ) ಯಾವ ಬಗೆಯದೆಂದು ತಿಳಿದಿರಬೇಕು. ಒಮ್ಮೆ ಒಂದು ಕಂಪನಿಯ ಸರ್ವರ್‌ನಲ್ಲಿ "ಎಂಟ್ರಿ ಪಾಯಿಂಟ್ ಅಟ್" ಎಂಬ ಸಾಲು ಬಂದು ಪರದೆ ಹಾಗೆಯೇ ನಿಂತಿತು. ಇಮೇಜ್ ಕೆಟ್ಟಿದೆಯೆಂದು ಭಾವಿಸಿ ಮೂರು ಬಾರಿ ಡಿಸ್ಕ್ ಬರೆದೆ. ಕೆಟ್ಟಿದ್ದು ಏನೂ ಇರಲಿಲ್ಲ. ನಾನು ನೋಡುತ್ತಿದ್ದುದು ಸೀರಿಯಲ್ ಕನ್ಸೋಲ್, ಸೀರಿಯಲ್ ಪೋರ್ಟ್ ಮೂಲಕ ಬರೀ ಅಕ್ಷರಗಳು ಬರುವ ಬಗೆಯದು. ಬೂಟ್‌ಲೋಡರ್ ಯಂತ್ರದ ಮೂಲ ತಂತ್ರಾಂಶವಾದ ಬಯೋಸ್ ಮೂಲಕ ಬರೆಯುವುದರಿಂದ ಅದರ ಸಾಲುಗಳು ಅಲ್ಲಿಗೂ ಬರುತ್ತಿದ್ದವು, ಕರ್ನಲ್ ಮಾತ್ರ ನನಗೆ ಕಾಣದ ವಿಜಿಎ (ಮಾಮೂಲಿ ಮಾನಿಟರಿನ) ಪರದೆಯ ಮೇಲೆ ತನ್ನ ಪಾಡಿಗೆ ಪ್ರಶ್ನೆ ಕೇಳುತ್ತಾ ಕುಳಿತಿತ್ತು. ಬೂಟ್ ಪ್ರಾಂಪ್ಟ್ ಕಾಣಿಸುವ ಐದು ಸೆಕೆಂಡಿನೊಳಗೆ "ಸೆಟ್ ಟಿಟಿವೈ ಕಾಮ್0" (set tty com0) ಎಂದು ಬರೆದಿದ್ದರೆ ಕರ್ನಲ್‌ನ ಮಾತೂ ಸೀರಿಯಲ್‌ಗೆ ಬಂದು ಆ ಸಂಜೆ ಉಳಿಯುತ್ತಿತ್ತು.

ಎರಡನೆಯ ತೊಡಕು ನೆಟ್‌ವರ್ಕಿನದು. ಕೆಲವು ಕ್ಲೌಡ್‌ಗಳು 255.255.255.255 ಮಾಸ್ಕಿನ, ಅಂದರೆ ನೆರೆ ವಿಳಾಸಗಳೇ ಇಲ್ಲದ ಒಂಟಿ ವಿಳಾಸವನ್ನೂ, ಅದಕ್ಕೆ ಸಂಬಂಧವೇ ಇಲ್ಲದ 172.31.1.1ರಂಥ, ಹೊರಜಾಲಕ್ಕೆ ಬಾಗಿಲಾಗುವ ಗೇಟ್‌ವೇಯನ್ನೂ ಕೊಡುತ್ತವೆ. ಲಿನಕ್ಸ್ ಇಮೇಜ್‌ಗಳಲ್ಲಿ ಇದನ್ನು ಕ್ಲೌಡ್‌-ಇನಿಟ್ ಎಂಬ ಆರಂಭಿಕ ಸಂರಚನೆಯ ತಂತ್ರಾಂಶ ಸದ್ದಿಲ್ಲದೆ ಸರಿಪಡಿಸುತ್ತದೆ; ಓಪನ್‌ಬಿಎಸ್‌ಡಿಯ ಮೂಲ ಅಳವಡಿಕೆಯಲ್ಲಿ ಆ ಸಹಾಯಕನಿಲ್ಲ. ವಿಳಾಸವನ್ನು ಕೈಯಾರೆ ಕೊಟ್ಟರೆ, ಗೇಟ್‌ವೇ ತನ್ನ ಸಬ್‌ನೆಟ್‌ನಲ್ಲಿ ಇಲ್ಲದ ಕಾರಣ ಓಪನ್‌ಬಿಎಸ್‌ಡಿ ಆ ದಾರಿಯನ್ನೇ ಒಪ್ಪುವುದಿಲ್ಲ. ಇಂಟರ್‌ಫೇಸ್‌ನ ಸಂರಚನಾ ಕಡತದಲ್ಲಿ, ಗೇಟ್‌ವೇ ಈ ಕಾರ್ಡಿನ ಆಚೆಯೇ ನೇರವಾಗಿ ಸಿಗುತ್ತದೆ ಎಂಬ ದಾರಿ (ರೂಟ್) ಮೊದಲು, ಉಳಿದೆಲ್ಲಕ್ಕೂ ಬಳಸುವ ಡಿಫಾಲ್ಟ್ ರೂಟ್ ಆಮೇಲೆ, ಇದೇ ಕ್ರಮದಲ್ಲಿ ಬರೆಯಬೇಕು.

ಡಿಸ್ಕ್ ವಿಭಜನೆಯಲ್ಲಿ ಜಾಣತನ ತೋರಿಸಲು ಹೋಗಬೇಡಿ. ಚಿಕ್ಕ ಡಿಸ್ಕ್ ತಾನೇ ಎಂದು ಎಲ್ಲವನ್ನೂ ಒಂದೇ ಭಾಗದಲ್ಲಿ ತುಂಬಿದವರಿಗೆ, ಬರೆಯಲೂ ನಡೆಸಲೂ ಬರುವ ಮೆಮೊರಿಯನ್ನು ಕೇಳುವ ಪ್ರೋಗ್ರಾಂಗಳು ಏಕೆ ಕುಸಿಯುತ್ತವೆ ಎಂಬುದು ತಿಳಿಯುವುದಿಲ್ಲ: ಅಂಥ ಮೆಮೊರಿಯನ್ನು ಓಪನ್‌ಬಿಎಸ್‌ಡಿ ನಿಷೇಧಿಸುತ್ತದೆ, ಅದರ ಸಡಿಲಿಕೆ ಮೂಲತಃ ಹೊರಗಿನ ತಂತ್ರಾಂಶಗಳು ಕೂರುವ ಯುಎಸ್‌ಆರ್ ಲೋಕಲ್ ವಿಭಾಗಕ್ಕೆ ಮಾತ್ರ ಇದೆ. ಕಂಪನಿಯ ಪ್ಯಾನೆಲ್‌ನಲ್ಲಿ ಡಿಸ್ಕ್ ಹಿಗ್ಗಿಸಿದರೂ ವ್ಯವಸ್ಥೆ ಅದನ್ನು ತಾನಾಗಿ ಬಳಸುವುದಿಲ್ಲ. ಡಿಸ್ಕಿನ ಭಾಗಗಳ ಪಟ್ಟಿಯಾದ ಡಿಸ್ಕ್‌ಲೇಬಲ್‌ನಲ್ಲಿ ಗಡಿ ಸರಿಸಿ, ಕೊನೆಯ ಭಾಗವನ್ನು ಅನ್‌ಮೌಂಟ್ ಮಾಡಿ ಬೆಳೆಸಬೇಕು. ಹಾಗಾಗಿ ಮೇಲ್ ಅಥವಾ ದತ್ತಾಂಶದ ಭಾಗವನ್ನು ನಾನು ಯಾವಾಗಲೂ ಕೊನೆಗೇ ಇಡುತ್ತೇನೆ.

ಆರು ತಿಂಗಳಿಗೊಂದು ಆವೃತ್ತಿ ಬರುತ್ತದೆ, ಭದ್ರತಾ ತಿದ್ದುಪಡಿ ಸಿಗುವುದು ಕೊನೆಯ ಎರಡಕ್ಕೆ ಮಾತ್ರ. ಅಂದರೆ ವರ್ಷಗಟ್ಟಲೆ ಮುಟ್ಟದೆ ಬಿಡುವ ಸರ್ವರ್ ಇದಲ್ಲ. 2019ರ 6.6ರಿಂದ ಸಿಸ್‌ಅಪ್‌ಗ್ರೇಡ್ ಎಂಬ ಒಂದೇ ಆಜ್ಞೆ ಮುಂದಿನ ಆವೃತ್ತಿಗೆ ಏರಿಸುವ ಕೆಲಸ ಮುಗಿಸುತ್ತದೆ. ಅದು ಕಡತಗಳನ್ನು ಹೋಮ್ ವಿಭಾಗಕ್ಕೆ ಇಳಿಸಿಕೊಳ್ಳುವುದರಿಂದ, ಆಜ್ಞೆ ಕೊಡುವ ಮುನ್ನ ಅಲ್ಲಿ ಒಂದು ಜಿಬಿಯಾದರೂ ಖಾಲಿ ಇರಲಿ, ಪಕ್ಕದ ಕಿಟಕಿಯಲ್ಲಿ ಕನ್ಸೋಲ್ ತೆರೆದೇ ಇರಲಿ.