ವಿಷಯ ಶೀರ್ಷಿಕೆ: ಕೀವರ್ಡ್‌ಗೆ ಇನ್ನೊಂದು ಹೆಸರಲ್ಲ

‘ಡೇಟಾಬೇಸ್‌ನಲ್ಲಿ ಬಳಸಿದ ವಿಷಯ ಶೀರ್ಷಿಕೆಗಳು: ತೊಗರಿ, ರೈತ, ಬೆಲೆ, ಸಮಸ್ಯೆ.’ ರಾಯಚೂರು ಕಡೆಯ ಇನ್ನೊಂದು ಸಂಶೋಧನಾ ಪ್ರಸ್ತಾವನೆಯಲ್ಲಿ ಇಂಥದೇ ಸಾಲು. ಇವು ಕೀವರ್ಡ್‌ಗಳು, ಅಷ್ಟೇ. ‘ಸಮಸ್ಯೆ’ಯಂತೂ ಕೀವರ್ಡ್ ಆಗಿಯೂ ದಂಡ, ಯಾವ ಪ್ರಬಂಧದಲ್ಲಿ ಸಮಸ್ಯೆ ಇಲ್ಲ?

ಕೀವರ್ಡ್ ಹುಡುಕುವವರಿಗೆ ತೋಚಿದ ಪದ. ವಿಷಯ ಶೀರ್ಷಿಕೆ ಹಾಗಲ್ಲ. ಡೇಟಾಬೇಸ್‌ಗೆ, ಅಂದರೆ ಲೇಖನಗಳ ವಿವರಗಳ ಸಂಗ್ರಹಕ್ಕೆ, ಸೂಚಿ ತಯಾರಿಸುವವರು ಒಂದು ನಿಗದಿತ ಪಟ್ಟಿಯಿಂದ ಆರಿಸಿ ಲೇಖನಕ್ಕೆ ಕೊಡುವ ಪದ ಅದು. ಲೇಖಕರು ಅದನ್ನು ಒಮ್ಮೆಯೂ ಬರೆಯದೆ ಇರಬಹುದು. ವೈದ್ಯಕೀಯ ಲೇಖನಗಳ ಪಬ್‌ಮೆಡ್‌ನಲ್ಲಿ ಈ ಪಟ್ಟಿಯ ಹೆಸರು ಮೆಶ್. ಅದರಲ್ಲಿ ಕ್ಯಾನ್ಸರ್ ‘ನಿಯೋಪ್ಲಾಸಮ್ಸ್’ ಆಗಿದೆ, ಹೃದಯಾಘಾತ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಆಗಿದೆ.

ಇದರಿಂದ ಏನು ಲಾಭ ಎನ್ನುವವರು ತೊಗರಿಯನ್ನೇ ನೋಡಲಿ. ನಮ್ಮ ಇಲಾಖೆಗಳ ಇಂಗ್ಲಿಷಿನಲ್ಲಿ ಅದು ‘ರೆಡ್ ಗ್ರಾಂ’. ಹೊರದೇಶದ ಲೇಖನಗಳಲ್ಲಿ ‘ಪಿಜನ್ ಪೀ’, ಅದನ್ನೂ ಕೆಲವರು ಒಂದೇ ಪದವಾಗಿ ಬರೆಯುತ್ತಾರೆ, ಕೆಲವರು ಬಿಡಿಸಿ ಬರೆಯುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ‘ಕಜಾನಸ್ ಕಜಾನ್’. ‘ರೆಡ್ ಗ್ರಾಂ’ ಎಂದಷ್ಟೇ ಒತ್ತಿ, ‘ಈ ಬಗ್ಗೆ ಹೆಚ್ಚು ಸಂಶೋಧನೆ ನಡೆದಿಲ್ಲ’ ಎಂದು ಪ್ರಬಂಧದಲ್ಲಿ ಬರೆದುಬಿಡುವವರನ್ನು ಏನೆನ್ನಬೇಕು? ನಡೆದಿದೆ, ಬೇರೆ ಹೆಸರಿನಲ್ಲಿ. ಈ ಹೆಸರುಗಳನ್ನೆಲ್ಲ ಒಂದೇ ಪದದಡಿ ತರುವುದೇ ವಿಷಯ ಶೀರ್ಷಿಕೆಯ ಕೆಲಸ.

ಆ ಪದವನ್ನು ಊಹಿಸುವ ಗೋಜು ಬೇಡ. ಕೀವರ್ಡ್ ಹಾಕಿ ನಿಮ್ಮ ವಿಷಯಕ್ಕೆ ಸರಿಹೊಂದುವ ಒಂದು ಲೇಖನ ಹಿಡಿಯಿರಿ. ಅದರ ವಿವರಗಳ ಪುಟದಲ್ಲಿ ‘ಸಬ್ಜೆಕ್ಟ್’ ಎಂಬಲ್ಲಿ ಏನಿದೆ ನೋಡಿ, ಅದನ್ನೇ ಒತ್ತಿ ಮತ್ತೆ ಹುಡುಕಿ.

ಎಲ್ಲ ಕಡೆ ಈ ಸೌಲಭ್ಯ ಇರುವುದಿಲ್ಲ. ಪಿಎಚ್‌.ಡಿ. ಪ್ರಬಂಧಗಳ ಶೋಧಗಂಗಾದಲ್ಲಿ ಕೀವರ್ಡ್‌ಗಳು ಒಬ್ಬೊಬ್ಬರದು ಒಂದೊಂದು ರೀತಿ. ಅಂಥಲ್ಲಿ ಪರ್ಯಾಯ ಪದಗಳನ್ನು ನೀವೇ ಕೂಡಿಸಬೇಕು, ಸಾಮಾನ್ಯವಾಗಿ ನಡುವೆ ಇಂಗ್ಲಿಷಿನ ದೊಡ್ಡಕ್ಷರದ ‘OR’ (ಅಥವಾ) ಹಾಕಿ. ಊರಿನ ಹೆಸರಿಗೂ ಇದೇ ಮಾತು. 2014ರವರೆಗೆ ಇಂಗ್ಲಿಷಿನಲ್ಲಿ ಬಳ್ಳಾರಿ ಅಧಿಕೃತವಾಗಿಯೇ ‘ಬೆಲ್ಲಾರಿ’. 1953ರವರೆಗೆ ಜಿಲ್ಲೆ ಮದರಾಸಿಗೆ ಸೇರಿತ್ತು. ಅದಕ್ಕೂ ಹಿಂದಿನ ಬರಗಾಲದ ವರದಿಗಳನ್ನು ‘ಮೈಸೂರು’ ಎಂದು ಹುಡುಕುವವರಿಗೆ ಮೈಸೂರಿನ ಬರಗಾಲವಷ್ಟೇ ಸಿಗುತ್ತದೆ. ರಾಯಚೂರು, ಕೊಪ್ಪಳದವರು ಹೈದರಾಬಾದಿನ ಕಡತಗಳಿಗೆ ಹೋಗಬೇಕು.